ಬಿದ್ದವರು ನಮಗೆ ಏನಾಗಬೇಕು?

ಪ್ರಶ್ನೆ: ನಾನು ಬೆಂಗಳೂರಿನಲ್ಲೇ ಹುಟ್ಟಿ ಬೆಳೆದ ಕನ್ನಡ ಕ್ರೈಸ್ತಳು. ಹೊರ ವರ್ತುಲ ರಸ್ತೆಯ ಒಂದು ಕಂಪನಿಯಲ್ಲಿ ಕೆಲಸ. ಕಳೆದ ತಿಂಗಳು ರಾತ್ರಿ ಹತ್ತೂವರೆಗೆ ಸ್ಕೂಟರ್‌ನಲ್ಲಿ ಮನೆಗೆ ಮರಳುವಾಗ ಹೆಬ್ಬಾಳದ ಬಳಿ ಸರ್ವಿಸ್ ರಸ್ತೆಯ ಅಂಚಿನಲ್ಲಿ ಒಬ್ಬರು ಮಗ್ಗುಲಾಗಿ ಬಿದ್ದಿದ್ದರು. ಕುಡಿದಿರಬೇಕು ಎಂದುಕೊಂಡೆ, ಪೊಲೀಸ್ ರಗಳೆ ಬೇಡ ಎಂದೂ ಅನಿಸಿತು, ನಿಲ್ಲಿಸಲಿಲ್ಲ. ಮರುದಿನ ಬೆಳಿಗ್ಗೆ ನೋಡಿದರೆ ಅಲ್ಲಿ ಯಾರೂ ಇರಲಿಲ್ಲ. ಅದೇ ಭಾನುವಾರ ಚರ್ಚಿನಲ್ಲಿ ಓದಿದ್ದು ಯೇಸು ಹೇಳಿದ ಒಳ್ಳೆಯ ಸಮಾರ್ಯದವನ ಸಾಮ್ಯ, ಎಂದರೆ ನೀತಿಕಥೆ. ನಾನು ಮಾಡಿದ್ದು ಪಾಪವೇ? ಮೆಜೆಸ್ಟಿಕ್‌ನಲ್ಲಿ ಪರ್ಸ್ ಕಳೆದುಹೋಯಿತು ಎಂದು ಕೈಚಾಚುವವರಿಗೆಲ್ಲ ಕೊಡಬೇಕೇ? ಒಂದೂಕಾಲು ಕೋಟಿ ಜನರ ಊರಿನಲ್ಲಿ ಈ ಉಪದೇಶವನ್ನು ಪಾಲಿಸುವುದಾದರೂ ಹೇಗೆ?

ಉತ್ತರ: ನಿಮ್ಮ ಪತ್ರವನ್ನು ಎರಡು ದಿನ ಮೇಜಿನ ಮೇಲೆ ಇಟ್ಟುಕೊಂಡಿದ್ದೆ. ಹೊಸ ಒಡಂಬಡಿಕೆಯನ್ನು ಬಹಳ ವರ್ಷ ಪಾಠ ಹೇಳಿದವನು ನಾನು, ಆಸ್ಪತ್ರೆಗಳಲ್ಲಿ ರೋಗಿಗಳ ಬಳಿ ಕುಳಿತು ಪ್ರಾರ್ಥಿಸುವುದು ಈಗಲೂ ನನ್ನ ಕೆಲಸ. ಆದ್ದರಿಂದ ನಿಮ್ಮ ಪ್ರಶ್ನೆ ನನಗೆ ಪುಸ್ತಕದ ಪ್ರಶ್ನೆಯಲ್ಲ.

ಮೊದಲು ಒಂದು ಬೆಳಗಿನ ಸಂಗತಿ. ನಗರದ ಒಂದು ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗದ ಹೊರಗೆ ಬೆಂಚಿನ ಮೇಲೆ ಪೌರಕಾರ್ಮಿಕ ಮಹಿಳೆಯೊಬ್ಬರು ಕುಳಿತಿದ್ದರು. ಹಸಿರು ಕೋಟಿನ ಅಂಚಿಗೆ ರಕ್ತದ ಕಲೆ ಹತ್ತಿತ್ತು. ತೊಡೆಯ ಮೇಲೆ ಒಂದು ಪ್ಲಾಸ್ಟಿಕ್ ಚೀಲ, ಅದರೊಳಗೆ ಗಂಡಸಿನ ಒಂಟಿ ಚಪ್ಪಲಿ. ನಸುಕಿನಲ್ಲಿ ಕಸ ಗುಡಿಸಲು ಬಂದಾಗ ಚರಂಡಿಯ ಪಕ್ಕ ಬಿದ್ದಿದ್ದ ಮುದುಕರೊಬ್ಬರನ್ನು ಆಟೋಗೆ ಹತ್ತಿಸಿ ಕರೆತಂದಿದ್ದರು. ಕೌಂಟರಿನವರು ದಾಖಲಾತಿ ಚೀಟಿ ಬರೆಯುತ್ತಾ ಕೇಳಿದರು, "ಇವರು ನಿಮಗೆ ಏನಾಗಬೇಕು?" ಆಕೆ ಸ್ವಲ್ಪ ಯೋಚಿಸಿ, "ಏನೂ ಆಗಬೇಕಿಲ್ಲ. ನಾನು ಗುಡಿಸುವ ರಸ್ತೆಯಲ್ಲಿ ಬಿದ್ದಿದ್ದರು" ಎಂದರು. ಚೀಟಿಯಲ್ಲಿ ಆ ಉತ್ತರಕ್ಕೆ ಜಾಗವಿರಲಿಲ್ಲ. ಕೌಂಟರಿನವರು ಪೆನ್ನು ಹಿಡಿದುಕೊಂಡು ಹಾಗೆಯೇ ಕುಳಿತರು. ಇನ್ನೊಂದು ಚಪ್ಪಲಿ ಅಲ್ಲೇ ಉಳಿಯಿತು, ಮುದುಕರು ಎದ್ದಾಗ ಕೇಳಿದರೆ ಏನು ಹೇಳಲಿ ಎಂಬುದೇ ಆಕೆಯ ಚಿಂತೆಯಾಗಿತ್ತು.

ಲೂಕನ ಸುವಾರ್ತೆಯ ಹತ್ತನೆಯ ಅಧ್ಯಾಯದಲ್ಲಿ ಧರ್ಮೋಪದೇಶಕನೊಬ್ಬ ಯೇಸುವನ್ನು ಕೇಳುವುದೂ ಆ ಕೌಂಟರಿನ ಪ್ರಶ್ನೆಯನ್ನೇ. "ನಿನ್ನ ನೆರೆಯವನನ್ನು ನಿನ್ನಂತೆಯೇ ಪ್ರೀತಿಸಬೇಕು" ಎಂಬ ಯಾಜಕಕಾಂಡದ ಮಾತು ಅವನಿಗೆ ಬಾಯಿಪಾಠ. ಅವನಿಗೆ ಬೇಕಾಗಿದ್ದದ್ದು ಗಡಿ. "ನನ್ನ ನೆರೆಯವನು ಯಾರು?" ಎಂದರೆ, ಎಲ್ಲಿಯವರೆಗೆ ಇದ್ದವರು ನನಗೆ ಏನಾದರೂ ಆಗಬೇಕು, ಎಲ್ಲಿಂದಾಚೆಗಿನವರು ಏನೂ ಆಗಬೇಕಿಲ್ಲ? ಯೇಸು ನೇರ ಉತ್ತರ ಕೊಡದೆ ಕಥೆ ಹೇಳುತ್ತಾನೆ: ದರೋಡೆಕೋರರು ಹೊಡೆದು ಬಿಟ್ಟುಹೋದ ಒಬ್ಬನನ್ನು ದೇವಾಲಯದ ಯಾಜಕನೂ (ಪುರೋಹಿತ) ದೇವಾಲಯದ ಸೇವಕ ಕುಲದ ಲೇವಿಯನೂ ಕಂಡು ದಾಟಿ ಹೋಗುತ್ತಾರೆ, ಯೆಹೂದ್ಯರು ದೂರವಿಟ್ಟಿದ್ದ ಸಮಾರ್ಯದವನೊಬ್ಬ ನಿಂತು ನೆರವಾಗುತ್ತಾನೆ. ಕಥೆ ಮುಗಿಸಿ ಪ್ರಶ್ನೆಯನ್ನೇ ತಿರುಗಿಸಿಬಿಡುತ್ತಾನೆ: ಈ ಮೂವರಲ್ಲಿ ಬಿದ್ದವನಿಗೆ ಯಾರು ನೆರೆಯವನಾದನು? ಗ್ರೀಕ್ ಮೂಲದಲ್ಲೂ ಅಲ್ಲಿರುವುದು 'ಆಗು' ಎಂಬ ಅರ್ಥದ ಕ್ರಿಯಾಪದವೇ. ನೆರೆತನ ಮೊದಲೇ ಇರುವ ಸಂಬಂಧವಲ್ಲ, ಹತ್ತಿರ ಹೋದಾಗ ಹುಟ್ಟುವುದು. ನನ್ನ ಮಟ್ಟಿಗೆ ಇಡೀ ಉಪದೇಶ ನಿಂತಿರುವುದು ಆ ಒಂದು ಕ್ರಿಯಾಪದದ ಮೇಲೆ.

ಈಗ ಕಥೆಯ ರಸ್ತೆಯನ್ನು ನೋಡೋಣ. ಯೆರೂಸಲೇಮಿನಿಂದ ಯೆರಿಕೋವಿಗೆ ಸುಮಾರು 27 ಕಿಲೋಮೀಟರ್. ಅಷ್ಟರಲ್ಲಿ ಸುಮಾರು ಸಾವಿರ ಮೀಟರ್ ಇಳಿಜಾರು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿಂದ ಹೊರಟು ಬಿಡದಿಯನ್ನು ಮುಟ್ಟುವ ಮೊದಲೇ ಸಮುದ್ರಕ್ಕಿಂತ ಕೆಳಗಿಳಿದಿದ್ದೇವೆ ಎಂದು ಊಹಿಸಿಕೊಳ್ಳಿ, ಅಂಥ ದಾರಿ. ಬೋಳು ಬಂಡೆ, ತಿರುವು, ಕಳ್ಳರಿಗೆ ಅಡಗಲು ಹೇಳಿ ಮಾಡಿಸಿದ ಜಾಗ. ದರೋಡೆಕೋರರು ಆ ಮನುಷ್ಯನ ಬಟ್ಟೆ ಕಿತ್ತುಕೊಂಡು, ಹೊಡೆದು, ಅರೆಜೀವ ಮಾಡಿ ಬಿಟ್ಟು ಹೋದರು ಎನ್ನುತ್ತದೆ ಪಾಠ. ಅಂದಿನ ಕಾಲದಲ್ಲಿ ಮನುಷ್ಯನ ಕುಲ, ಊರು, ಪಂಗಡ ತಿಳಿಯುತ್ತಿದ್ದದ್ದು ಉಡುಪಿನಿಂದ ಮತ್ತು ಮಾತಿನಿಂದ. ಇವನಿಗೆ ಬಟ್ಟೆಯೂ ಇಲ್ಲ, ಪ್ರಜ್ಞೆಯೂ ಇಲ್ಲ. ನಮ್ಮವನೋ ಅಲ್ಲವೋ ಎಂದು ತಿಳಿಯುವ ಎರಡು ದಾರಿಯೂ ಮುಚ್ಚಿಹೋಗಿವೆ. ಬೆಂಗಳೂರಿನಲ್ಲಿ ನಾವು ಎದುರು ಸಿಕ್ಕವರನ್ನು ಮೊದಲು ಅಳೆಯುವುದು ಭಾಷೆಯಿಂದ. ಕನ್ನಡವೋ, ತಮಿಳೋ, ಹಿಂದಿಯೋ. ಅರೆಜೀವವಾದವನಿಗೆ ಭಾಷೆ ಎಲ್ಲಿಯದು?

ಯಾಜಕ ಬರುತ್ತಾನೆ, ನೋಡುತ್ತಾನೆ, ಹೋಗುತ್ತಾನೆ. ಶವ ಮುಟ್ಟಿದರೆ ಮೈಲಿಗೆ, ದೇವಾಲಯದ ಸೇವೆಗೆ ಅಡ್ಡಿ, ಅದಕ್ಕೇ ಹೋದ ಎಂದು ಚರ್ಚುಗಳ ಎಷ್ಟೋ ಪ್ರವಚನಗಳಲ್ಲಿ ಅವನ ಪರ ವಾದಿಸುವುದನ್ನು ಕೇಳಿದ್ದೇನೆ. ನನಗೆ ಒಪ್ಪಿಗೆಯಿಲ್ಲ. ಅವನು ಆ ದಾರಿಯಲ್ಲಿ ಇಳಿದು ಬರುತ್ತಿದ್ದ ಎಂದು ಯೇಸು ಹೇಳುತ್ತಾನೆ. ಎಂದರೆ ಯೆರೂಸಲೇಮಿನ ಕಡೆಯಿಂದ. ದೇವಾಲಯ ಬೆನ್ನ ಹಿಂದಿತ್ತು. ಅದೂ ಅಲ್ಲದೆ, ದಿಕ್ಕಿಲ್ಲದ ಶವ ದಾರಿಯಲ್ಲಿ ಕಂಡರೆ ಯಾಜಕನಾದರೂ ಮೈಲಿಗೆ ಲೆಕ್ಕಿಸದೆ ಮಣ್ಣು ಮಾಡಬೇಕು ಎಂದು ಯೆಹೂದ್ಯರ ಧರ್ಮನಿಯಮಗಳ ಸಂಗ್ರಹವಾದ ಮಿಷ್ನಾ ಹೇಳುತ್ತದೆ. ಆದ್ದರಿಂದ ಈ ಕಥೆಯನ್ನು ಯೆಹೂದ್ಯ ಧರ್ಮದ ಮೇಲಿನ ದೂರು ಎಂದು ಓದುವುದು ತಪ್ಪು. ಅವರ ಧರ್ಮ ನಿಲ್ಲು ಎನ್ನುತ್ತಿತ್ತು. ಮನುಷ್ಯ ನಿಲ್ಲಲಿಲ್ಲ. ನಮ್ಮ ಕನ್ನಡ ಬೈಬಲ್ ಯಾಜಕನ ಬಗ್ಗೆಯೂ ಲೇವಿಯನ ಬಗ್ಗೆಯೂ ಬಳಸುವ ಮಾತು "ಓರೆಯಾಗಿ ಹೋದನು". ಎಷ್ಟು ನಿಖರವಾದ ಮಾತು! ಕಾಣದೆ ಹೋದದ್ದಲ್ಲ. ಕಂಡ ಮೇಲೆ ನಡಿಗೆಯನ್ನು ಸ್ವಲ್ಪ ಓರೆ ಮಾಡಿಕೊಂಡದ್ದು.

ನೀವು ಸ್ಕೂಟರನ್ನು ಹಾಗೆ ಓರೆ ಮಾಡಿಕೊಂಡಿರಿ. ನಾನೂ ಮಾಡಿದ್ದೇನೆ. ಪ್ರಾರ್ಥನಾ ಕೂಟಕ್ಕೆ ತಡವಾಗುತ್ತದೆ ಎಂದು ಹೊಸೂರು ರಸ್ತೆಯ ಮಳೆಯಲ್ಲಿ ಒಬ್ಬರನ್ನು ದಾಟಿ ಹೋದದ್ದು ಇಂದಿಗೂ ಎದೆಯಲ್ಲಿ ಕುಟುಕುತ್ತದೆ. ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಡಾರ್ಲಿ ಮತ್ತು ಬ್ಯಾಟ್ಸನ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 1973ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದನ್ನೇ ತೋರಿಸಿತು. ನಲವತ್ತು ಮಂದಿ ದೇವಶಾಸ್ತ್ರದ ವಿದ್ಯಾರ್ಥಿಗಳನ್ನು ಒಂದು ಕಟ್ಟಡದಿಂದ ಇನ್ನೊಂದಕ್ಕೆ ಭಾಷಣ ಮಾಡಲು ಕಳುಹಿಸಿದರು. ದಾರಿಯಲ್ಲಿ ಬಾಗಿಲ ಬಳಿ ಒಬ್ಬ ಕುಸಿದು ಕುಳಿತು ಕೆಮ್ಮುತ್ತಾ ನರಳುತ್ತಿದ್ದ. ಅವಸರವಿಲ್ಲದವರಲ್ಲಿ ಶೇಕಡ 63 ಮಂದಿ ನೆರವಾದರು. ತೀರಾ ತಡವಾಗಿದೆ ಎಂದು ಅಟ್ಟಲ್ಪಟ್ಟವರಲ್ಲಿ ನೆರವಾದವರು ಶೇಕಡ 10 ಮಾತ್ರ. ಆ ವಿದ್ಯಾರ್ಥಿಗಳಲ್ಲಿ ಅರ್ಧದಷ್ಟು ಜನ ಹೊರಟಿದ್ದದ್ದು ಸಮಾರ್ಯದವನ ಸಾಮ್ಯದ ಬಗ್ಗೆಯೇ ಮಾತನಾಡಲು, ಅದರಿಂದ ಹೇಳಿಕೊಳ್ಳುವಂಥ ವ್ಯತ್ಯಾಸವೇನೂ ಆಗಲಿಲ್ಲ. ಅಂದರೆ ನಮ್ಮನ್ನು ಓರೆಯಾಗಿಸುವುದು ಬಹಳ ಸಲ ಕಲ್ಲು ಮನಸ್ಸಲ್ಲ, ಗಡಿಯಾರ. ದಿನಕ್ಕೆ ಮೂರು ಗಂಟೆ ಟ್ರಾಫಿಕ್‌ನಲ್ಲಿ ಕಳೆಯುವ ಊರಿನಲ್ಲಿ ಕನಿಕರಕ್ಕೆ ಸಮಯ ಎಲ್ಲಿಂದ ತರುವುದು ಎಂಬುದು ನಮ್ಮ ಚರ್ಚುಗಳು ಗಂಭೀರವಾಗಿ ಕೇಳಿಕೊಳ್ಳಬೇಕಾದ ಪ್ರಶ್ನೆ.

ಇನ್ನು ಸಮಾರ್ಯದವನು. ಇವನನ್ನು 'ಒಳ್ಳೆಯವನು' ಎಂದು ಕರೆದು ಕರೆದು ನಾವು ಕಥೆಯ ಹಲ್ಲು ಕಿತ್ತಿದ್ದೇವೆ. ಬೈಬಲಿನಲ್ಲಿ ಆ ವಿಶೇಷಣವಿಲ್ಲ. ಸಮಾರ್ಯದವರು ಗೆರಿಜೀಮ್ ಬೆಟ್ಟದಲ್ಲಿ ಪೂಜಿಸುತ್ತಿದ್ದವರು. ಅಲ್ಲಿದ್ದ ಅವರ ದೇವಾಲಯವನ್ನು ಯೇಸುವಿಗಿಂತ ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಯೆಹೂದ್ಯ ದೊರೆ ಯೋಹಾನ ಹಿರ್ಕಾನನು ಕೆಡವಿಸಿದ್ದ. ಎರಡೂ ಕಡೆ ಹಗೆ ಆರಿರಲಿಲ್ಲ. ಲೂಕನಲ್ಲೇ ಒಂದು ಅಧ್ಯಾಯ ಹಿಂದೆ ಹೋಗಿ ನೋಡಿ: ಸಮಾರ್ಯದ ಹಳ್ಳಿಯೊಂದು ಯೇಸುವಿಗೆ ತಂಗಲು ಜಾಗ ಕೊಡುವುದಿಲ್ಲ, ಆಕಾಶದಿಂದ ಬೆಂಕಿ ಬೀಳಿಸಿ ಸುಟ್ಟುಬಿಡೋಣವೇ ಎಂದು ಶಿಷ್ಯರು ಕೇಳುತ್ತಾರೆ, ಯೇಸು ಅವರನ್ನು ಗದರಿಸುತ್ತಾನೆ. ಅದಾದ ಸ್ವಲ್ಪದರಲ್ಲೇ ಈ ಕಥೆ. ಕೇಳುವವರಿಗೆ ಆಘಾತವಾದದ್ದು 'ಹೊರಗಿನವನಿಗೆ ಸಹಾಯ ಮಾಡು' ಎಂಬ ಬುದ್ಧಿಮಾತಿನಿಂದ ಅಲ್ಲ. ಗುಂಡಿಯಲ್ಲಿ ಬಿದ್ದವನು ನೀನು, ಮೇಲೆತ್ತುತ್ತಿರುವ ಕೈ ನೀನು ಮುಟ್ಟಲೊಲ್ಲದವನದು ಎಂಬುದರಿಂದ. ಕೊನೆಯಲ್ಲಿ ಧರ್ಮೋಪದೇಶಕನಿಗೆ 'ಸಮಾರ್ಯದವನು' ಎಂಬ ಶಬ್ದವೇ ಬಾಯಿಗೆ ಬರುವುದಿಲ್ಲ. "ಅವನಿಗೆ ಕರುಣೆ ತೋರಿಸಿದವನೇ" ಎಂದು ಸುತ್ತಿ ಹೇಳುತ್ತಾನೆ.

ಬೆಂಗಳೂರಿನಲ್ಲಿ ಆ ಶಬ್ದ ಯಾವುದು ಎಂದು ನಾನು ಹೇಳುವುದಿಲ್ಲ. ನಿಮ್ಮ ಮನೆಯ ಊಟದ ಹೊತ್ತಿನ ಮಾತಿನಲ್ಲಿ ಯಾರ ಹೆಸರು ಬಂದಾಗ ದನಿ ಬದಲಾಗುತ್ತದೆಯೋ ಅವರೇ. 2012ರ ಆಗಸ್ಟ್‌ನಲ್ಲಿ ವದಂತಿಗೆ ಹೆದರಿ ಈಶಾನ್ಯ ಭಾರತದ ಸಾವಿರಾರು ಜನ ಸಿಟಿ ರೈಲು ನಿಲ್ದಾಣದಲ್ಲಿ ಗಂಟುಮೂಟೆ ಹಿಡಿದು ನಿಂತಿದ್ದರು. ನಮ್ಮ ಬಡಾವಣೆಗಳಲ್ಲಿ ವರ್ಷಗಟ್ಟಲೆ ಬದುಕಿದ್ದವರು ನಮ್ಮನ್ನು ನೆರೆಯವರೆಂದು ನಂಬಲಾಗದೆ ಹೊರಟರು. ನಮ್ಮ ಕ್ರೈಸ್ತ ಸಭೆಗಳೊಳಗೂ ಜಾತಿ ಇದೆ, ಮದುವೆ ಮಾತುಕತೆಯಲ್ಲಿ ಅದು ತಲೆ ಎತ್ತುತ್ತದೆ. ಇದನ್ನು ಒಪ್ಪಿಕೊಳ್ಳದೆ ಈ ಸಾಮ್ಯದ ಮೇಲೆ ಪ್ರಸಂಗ ಮಾಡುವ ಹಕ್ಕು ನಮಗಿಲ್ಲ.

ಸಮಾರ್ಯದವನು ಬಿದ್ದವನನ್ನು ಕಂಡು "ಕನಿಕರಪಟ್ಟನು" ಎಂದು ನಾವು ಓದುತ್ತೇವೆ. ಗ್ರೀಕ್ ಶಬ್ದದ ಬೇರು ಕರುಳು. ಬೇರೆ ಎಷ್ಟೋ ಭಾಷೆಗಳವರು ಇದನ್ನು ವಿವರಿಸಲು ಅಡಿಟಿಪ್ಪಣಿ ಬರೆಯಬೇಕು, ನಮಗೆ ಬೇಡ. ಕರುಳು ಚುರುಕ್ ಎಂದಿತು ಎಂದರೆ ಸಾಕು. ಆಮೇಲೆ ಲೂಕನು ಬರೆಯುವುದೆಲ್ಲ ಬರೀ ಕೆಲಸ: ಹತ್ತಿರ ಹೋದ, ಗಾಯಕ್ಕೆ ಎಣ್ಣೆ ಮತ್ತು ದ್ರಾಕ್ಷಾರಸ ಹೊಯ್ದ, ಕಟ್ಟು ಕಟ್ಟಿದ, ತನ್ನ ಸವಾರಿಯ ಪಶುವಿನ ಮೇಲೆ ಕೂರಿಸಿದ, ಛತ್ರಕ್ಕೆ ಕರೆದೊಯ್ದ, ರಾತ್ರಿ ಆರೈಕೆ ಮಾಡಿದ. ಮರುದಿನ ಛತ್ರದವನಿಗೆ ಎರಡು ದಿನಾರಿ ನಾಣ್ಯ ಕೊಟ್ಟ. ಒಂದು ದಿನಾರಿ ಎಂದರೆ ಒಂದು ದಿನದ ಕೂಲಿ. ಹೆಚ್ಚು ಖರ್ಚಾದರೆ ಹಿಂತಿರುಗಿ ಬರುವಾಗ ಕೊಡುತ್ತೇನೆ ಎಂದು ಹೇಳಿ ಹೊರಟ.

ಈ 'ಹೊರಟ' ಎಂಬಲ್ಲಿ ನಿಮ್ಮಂಥವರಿಗೆ ದೊಡ್ಡ ಸಮಾಧಾನವಿದೆ. ಅವನು ತನ್ನ ಪ್ರಯಾಣ ಬಿಡಲಿಲ್ಲ, ಕೆಲಸ ಬಿಡಲಿಲ್ಲ, ಆ ಮನುಷ್ಯನನ್ನು ಜೀವಮಾನವಿಡೀ ಹೊತ್ತುಕೊಳ್ಳಲಿಲ್ಲ. ತನ್ನ ಬಳಿ ಇದ್ದದ್ದನ್ನು ಬಳಸಿದ, ಉಳಿದದ್ದನ್ನು ಛತ್ರಕ್ಕೆ ಒಪ್ಪಿಸಿದ, ವಿಚಾರಿಸಲು ಮರಳುವೆನೆಂದು ಮಾತು ಕೊಟ್ಟ. ಒಂದೂಕಾಲು ಕೋಟಿ ಜನರಲ್ಲಿ ಹೇಗೆ ಎಂದು ಕೇಳಿದ್ದೀರಿ. ಅವನ ದಾರಿಯಲ್ಲೂ ಬಿದ್ದವನು ಒಬ್ಬನೇ ಆಗಿರಲಿಕ್ಕಿಲ್ಲ, ಆದರೆ ಅಂದು ಅವನ ಕಣ್ಣಿಗೆ ಬಿದ್ದದ್ದು ಒಬ್ಬ.

ಛತ್ರ ಎಂಬುದಕ್ಕೆ ಲೂಕ ಬಳಸಿದ ಗ್ರೀಕ್ ಶಬ್ದಕ್ಕೆ 'ಎಲ್ಲರನ್ನೂ ಬರಮಾಡಿಕೊಳ್ಳುವ ಜಾಗ' ಎಂದು ಅರ್ಥ. ಅದು ನಮಗೆ ಹೊಸದಲ್ಲ. ಅರವಟ್ಟಿಗೆ ಕಟ್ಟಿದ ನಾಡು ಇದು, ರೈಲು ನಿಲ್ದಾಣದ ಎದುರಿನ ತೋಟದಪ್ಪನವರ ಛತ್ರವನ್ನು ಯಾರು ಅರಿಯರು? ಕ್ರೈಸ್ತರಲ್ಲಿ ಈ ಛತ್ರ ನಾಲ್ಕನೆಯ ಶತಮಾನದಲ್ಲೇ ದೊಡ್ಡದಾಗಿ ಬೆಳೆಯಿತು. ಕೈಸರೈಯದ ಬಿಷಪ್ ಬಾಸಿಲನು ಊರ ಹೊರಗೆ ರೋಗಿಗಳು, ಕುಷ್ಠರೋಗಿಗಳು, ದಾರಿಹೋಕರಿಗಾಗಿ ಒಂದು ಬಡಾವಣೆಯನ್ನೇ ಕಟ್ಟಿಸಿದ. ಕ್ರೈಸ್ತ ಮತವನ್ನು ಬಿಟ್ಟು ಹಳೆಯ ದೇವತೆಗಳ ಕಡೆ ತಿರುಗಿದ್ದ ರೋಮ್ ಚಕ್ರವರ್ತಿ ಜೂಲಿಯನ್ ತನ್ನ ಪುರೋಹಿತನೊಬ್ಬನಿಗೆ ಬರೆದ ಪತ್ರದಲ್ಲಿ, ಈ ಗಲಿಲಾಯದವರು (ಕ್ರೈಸ್ತರನ್ನು ಅವನು ಕರೆಯುತ್ತಿದ್ದದ್ದು ಹಾಗೆ) ತಮ್ಮ ಬಡವರ ಜೊತೆಗೆ ನಮ್ಮವರನ್ನೂ ಸಲಹುತ್ತಿದ್ದಾರಲ್ಲ ಎಂದು ಸಂಕಟಪಡುತ್ತಾನೆ. ವಿರೋಧಿಯ ಬಾಯಿಂದ ಬಂದ ಆ ಸಾಕ್ಷ್ಯ ನನಗೆ ಬಹಳ ಪ್ರಿಯ. ನಮ್ಮ ನೃಪತುಂಗ ರಸ್ತೆಯ ಸೇಂಟ್ ಮಾರ್ಥಾಸ್ ಆಸ್ಪತ್ರೆ 1886ರಲ್ಲಿ, ಹೆಬ್ಬಾಳದ ಬ್ಯಾಪ್ಟಿಸ್ಟ್ ಆಸ್ಪತ್ರೆ 1973ರಲ್ಲಿ ಆರಂಭವಾದದ್ದು ಇದೇ ಎಳೆಯಿಂದ. ಆದರೆ ಒಂದು ಮಾತು ಖಡಾಖಂಡಿತವಾಗಿ ಹೇಳಬೇಕು. ಸಮಾರ್ಯದವನು ಬಿದ್ದವನ ಮತ ಕೇಳಲಿಲ್ಲ, ತನ್ನ ಮತ ಹೇಳಲಿಲ್ಲ. ಮತ್ತಾಯನ ಇಪ್ಪತ್ತೈದನೆಯ ಅಧ್ಯಾಯದಲ್ಲಿ "ನಾನು ಪರದೇಶಿಯಾಗಿದ್ದೆ, ನನ್ನನ್ನು ಸೇರಿಸಿಕೊಂಡಿರಿ" ಎಂದು ರಾಜನು ಹೇಳಿದಾಗ, ಸೇರಿಸಿಕೊಂಡವರಿಗೆ ಅವನು ಯಾರೆಂದೇ ತಿಳಿದಿರಲಿಲ್ಲ. ನೆರವಿನೊಳಗೆ ಗಾಳದ ಕೊಕ್ಕೆ ಇಟ್ಟರೆ ಅದು ಈ ಉಪದೇಶಕ್ಕೆ ಮಾಡುವ ದ್ರೋಹ.

ಕೈಚಾಚುವವರ ಪ್ರಶ್ನೆಗೆ ಬರುತ್ತೇನೆ. ಇಲ್ಲಿ ಆದಿ ಕ್ರೈಸ್ತ ಸಭೆಯಲ್ಲೇ ಎರಡು ದನಿಗಳಿವೆ. ಅಪೊಸ್ತಲರ (ಯೇಸುವಿನ ಮೊದಲ ಶಿಷ್ಯರ) ಕಾಲಕ್ಕೆ ಬಹಳ ಹತ್ತಿರದ 'ದಿದಾಖೆ' ಎಂಬ ಪುಟ್ಟ ಕೈಪಿಡಿ ಕೇಳಿದವರಿಗೆಲ್ಲ ಕೊಡು ಎನ್ನುತ್ತದೆ; ಅದರ ಬೆನ್ನಿಗೇ, ಯಾರಿಗೆ ಕೊಡಬೇಕೆಂದು ತಿಳಿಯುವ ತನಕ ನಿನ್ನ ದಾನ ಅಂಗೈಯಲ್ಲೇ ಬೆವರಲಿ ಎಂದೂ ಹೇಳುತ್ತದೆ. ದಾರಿಹೋಕ ಬಂದರೆ ಕೈಲಾದಷ್ಟು ನೆರವಾಗಿ, ಎರಡು ಮೂರು ದಿನ ಇರಲಿ, ನೆಲೆಸುವುದಾದರೆ ಕಸುಬು ಮಾಡಿ ಉಣ್ಣಲಿ ಎಂದು ವಿವರವಾಗಿ ಬರೆದಿದೆ. ಆಗಲೂ ಮೋಸಗಾರರಿದ್ದರು ಎಂದಾಯಿತು. ಇನ್ನೊಂದು ದನಿ ನಾಲ್ಕನೆಯ ಶತಮಾನದ ಹೆಸರಾಂತ ಉಪದೇಶಕ ಯೋಹಾನ ಕ್ರಿಸೊಸ್ತೊಮನದು: ದಾನಿ ಬಂದರಿನಂತೆ, ಒಡೆದ ಹಡಗಿನಿಂದ ಈಜಿ ಬಂದವನ ನಡತೆಯನ್ನು ಬಂದರು ವಿಚಾರಿಸುವುದಿಲ್ಲ. ನನ್ನ ಅನುಭವದಲ್ಲಿ ಎರಡೂ ಸರಿ, ಸಂದರ್ಭ ಬೇರೆ. ನಿಂತು ಮಾತನಾಡುವವನನ್ನು ವಿಚಾರಿಸಬಹುದು. ಪರ್ಸ್ ಕಳೆದುಕೊಂಡು ರಾಯಚೂರಿಗೆ ಹೋಗಬೇಕು ಎನ್ನುವವನ ಜೊತೆ ಕೌಂಟರಿನವರೆಗೆ ನಡೆದು ಟಿಕೆಟ್ ಕೊಡಿಸಿ. ಹಸಿವೆಂದರೆ ಪಕ್ಕದ ದರ್ಶಿನಿಯಲ್ಲಿ ಊಟದ ಟೋಕನ್ ಕೊಡಿಸಿ. ಸುಳ್ಳು ಹೇಳುವವನು ಅರ್ಧ ದಾರಿಯಲ್ಲೇ ಜಾರಿಕೊಳ್ಳುತ್ತಾನೆ, ನಿಜ ಹೇಳುವವನಿಗೆ ಹಣಕ್ಕಿಂತ ನಿಮ್ಮ ಆ ಹತ್ತು ಹೆಜ್ಜೆ ದೊಡ್ಡದು. ಆದರೆ ನೆಲಕ್ಕೆ ಬಿದ್ದವನ ಮುಂದೆ ವಿಚಾರಣೆಗೆ ಜಾಗವಿಲ್ಲ. 'ಕುಡಿದಿರಬೇಕು' ಎಂಬುದು ಈ ಊರಿನ ಅತಿ ಅಪಾಯಕಾರಿ ಊಹೆ. ಸಕ್ಕರೆ ಮಟ್ಟ ಕುಸಿದವರು, ಪಾರ್ಶ್ವವಾಯು ಬಡಿದವರು, ತಲೆಗೆ ಪೆಟ್ಟಾದವರು, ಮೂರ್ಛೆ ಬಂದು ಹೋದವರು, ಇವರೆಲ್ಲ ನೋಡಲು ಕುಡಿದವರಂತೆಯೇ ಇರುತ್ತಾರೆ. ಇನ್ನು ನಿಜವಾಗಿ ಕುಡಿದು ಬಿದ್ದವನ ಮೇಲೂ ಲಾರಿ ಹರಿಯುತ್ತದೆ.

ಪೊಲೀಸ್ ರಗಳೆಯ ಭಯ ಈಗ ಹಳೆಯದು, ಹೋಗಬೇಕಾದದ್ದು. ಸುಪ್ರೀಂ ಕೋರ್ಟ್ 2016ರಲ್ಲಿ ನೆರವಾಗುವವರ ರಕ್ಷಣೆಯ ಮಾರ್ಗಸೂಚಿಗಳಿಗೆ ಕಾನೂನಿನ ಬಲ ಕೊಟ್ಟಿತು. ಕರ್ನಾಟಕವು ಅದೇ ವರ್ಷ ತನ್ನದೇ ಮಸೂದೆಯನ್ನು ಅಂಗೀಕರಿಸಿತು, 2018ರಲ್ಲಿ ಅದಕ್ಕೆ ರಾಷ್ಟ್ರಪತಿಗಳ ಅಂಕಿತ ಬಿತ್ತು. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಕಲಮು ಸೇರಿತು. ರಸ್ತೆ ಅಪಘಾತದ ಗಾಯಾಳುವಿಗೆ ಸದುದ್ದೇಶದಿಂದ ನೆರವಾದವರ ಮೇಲೆ ಸಿವಿಲ್ ಅಥವಾ ಕ್ರಿಮಿನಲ್ ಮೊಕದ್ದಮೆ ಹೂಡುವಂತಿಲ್ಲ. ಹೆಸರು, ವಿಳಾಸ ಕೊಡಲೇಬೇಕೆಂದು ಒತ್ತಾಯಿಸುವಂತಿಲ್ಲ. ಸಾಕ್ಷಿಯಾಗುವುದು ಬಿಡುವುದು ನಿಮ್ಮ ಇಷ್ಟ. ಕಾನೂನಿನ ಪುಸ್ತಕದಲ್ಲಿ ಆ ವ್ಯಕ್ತಿಗೆ ಇಟ್ಟ ಹೆಸರೇ 'ಗುಡ್ ಸಮಾರಿಟನ್'. ಎರಡು ಸಾವಿರ ವರ್ಷ ಹಿಂದಿನ ಒಂದು ಸಾಮ್ಯದ ಪಾತ್ರ ಭಾರತದ ಸಂಸತ್ತಿನ ಕಾಯ್ದೆಯೊಳಗೆ ಬಂದು ಕುಳಿತಿದೆ! ಎರಡು ದಿನಾರಿಯ ಪಾತ್ರವನ್ನೂ ಈಗ ಸರ್ಕಾರ ವಹಿಸಿಕೊಂಡಿದೆ: 2025ರ ಕೇಂದ್ರ ಯೋಜನೆಯ ಪ್ರಕಾರ ರಸ್ತೆ ಅಪಘಾತದ ಗಾಯಾಳುವಿಗೆ ಏಳು ದಿನಗಳವರೆಗೆ, ಒಂದೂವರೆ ಲಕ್ಷ ರೂಪಾಯಿವರೆಗೆ ನಗದುರಹಿತ ಚಿಕಿತ್ಸೆ ಸಿಗಬೇಕು. ಕಾನೂನು ಇಷ್ಟೇ ಮಾಡಬಲ್ಲದು. ಓರೆಯಾಗಿ ಹೋದ ದಾರಿಹೋಕನನ್ನು ಅದು ಏನೂ ಕೇಳುವುದಿಲ್ಲ.

ರಾತ್ರಿ ಒಂಟಿಯಾಗಿ ಬರುವ ಹೆಣ್ಣುಮಗಳು ಕತ್ತಲಲ್ಲಿ ಇಳಿದು ಅಪರಿಚಿತನನ್ನು ಮುಟ್ಟಲೇಬೇಕು ಎಂದು ಯೇಸು ಹೇಳಿಲ್ಲ, ನಾನೂ ಹೇಳುವುದಿಲ್ಲ. ಮಾರ್ಟಿನ್ ಲೂಥರ್ ಕಿಂಗ್ ಸಾಯುವ ಹಿಂದಿನ ದಿನ, 1968ರ ಏಪ್ರಿಲ್ 3ರಂದು, ಮೆಂಫಿಸ್‌ನಲ್ಲಿ ಯೆರಿಕೋ ರಸ್ತೆಯ ಬಗ್ಗೆ ಮಾತನಾಡಿದರು. ಆ ರಸ್ತೆಯನ್ನು ಸ್ವತಃ ಕಂಡಿದ್ದ ಅವರು ಯಾಜಕನ ಭಯವನ್ನು ಅರ್ಥಮಾಡಿಕೊಂಡಿದ್ದರು: ನಿಂತರೆ ನನಗೇನಾಗುತ್ತದೆ ಎಂದು ಅವನು ಕೇಳಿಕೊಂಡ, ಸಮಾರ್ಯದವನು ನಿಲ್ಲದಿದ್ದರೆ ಇವನಿಗೇನಾಗುತ್ತದೆ ಎಂದು ಕೇಳಿಕೊಂಡ. ಎರಡನೆಯ ಪ್ರಶ್ನೆ ಕೇಳಿಕೊಂಡವರಿಗೆ ದಾರಿ ಹೊಳೆಯುತ್ತದೆ. ಬೆಳಕಿರುವಲ್ಲಿ ಸ್ಕೂಟರ್ ನಿಲ್ಲಿಸಿ 108ಕ್ಕೋ 112ಕ್ಕೋ ಕರೆ ಮಾಡಿ, ಜಾಗದ ಗುರುತನ್ನು ನಿಖರವಾಗಿ ಹೇಳಿ. ಹತ್ತಿರದ ಅಪಾರ್ಟ್‌ಮೆಂಟಿನ ಕಾವಲುಗಾರರನ್ನೋ ಆಟೋ ಚಾಲಕರನ್ನೋ ಕೂಗಿ ಕರೆಯಿರಿ. ಪ್ರಜ್ಞೆಯಿಲ್ಲದವರ ಬಾಯಿಗೆ ನೀರು ಹೊಯ್ಯಬೇಡಿ, ಅಪಘಾತವಾಗಿದ್ದರೆ ಕುತ್ತಿಗೆ ಅಲುಗಿಸಬೇಡಿ. ವಾಹನ ಬರುವ ತನಕ ಅವರು ಕಣ್ಣಿಗೆ ಕಾಣುವಷ್ಟು ದೂರದಲ್ಲಿ ಇರಿ. ಹತ್ತಿರ ಹೋಗುವುದು ಎಂದರೆ ಕೆಲವೊಮ್ಮೆ ಅಷ್ಟೇ.

ಅದೇ ಕಿಂಗ್ ಅದಕ್ಕೂ ಒಂದು ವರ್ಷ ಮೊದಲು, ಬಿದ್ದವರನ್ನು ಎತ್ತುವುದು ಆರಂಭ ಮಾತ್ರ, ಜನ ಪದೇ ಪದೇ ಬೀಳುವ ಆ ರಸ್ತೆಯೇ ಬದಲಾಗಬೇಕು ಎಂದಿದ್ದರು. ದೀಪವಿಲ್ಲದ ಸರ್ವಿಸ್ ರಸ್ತೆ, ಕಾಲಿಡಲಾಗದ ಪಾದಚಾರಿ ಮಾರ್ಗ, ಮುಚ್ಚಳವಿಲ್ಲದ ಚರಂಡಿ, ತಗಡಿನ ಶೆಡ್ಡಿನಲ್ಲಿ ಮಲಗುವ ಯಾದಗಿರಿಯ ಕಟ್ಟಡ ಕಾರ್ಮಿಕರ ಕೂಸುಗಳು: ಇವುಗಳ ಬಗ್ಗೆ ವಾರ್ಡಿನ ಕಚೇರಿಗೆ ಅರ್ಜಿ ಬರೆಯುವುದೂ ಗಾಯಕ್ಕೆ ಎಣ್ಣೆ ಹೊಯ್ಯುವುದೇ.

ಪಾಪವೇ ಎಂದು ಕೇಳಿದ್ದೀರಿ. ಹೌದು, ಅದು ತಪ್ಪಾಯಿತು. ನಿಮ್ಮ ಮನಸ್ಸಿಗೆ ಹಾಗೆ ಅನಿಸಿದ್ದನ್ನು ನಾನು ಸವರಿ ಅಳಿಸಲಾರೆ. ಆದರೆ ಕ್ಷಮೆಯಿದೆ, ಅದನ್ನು ಬೇಡಿ ತೆಗೆದುಕೊಳ್ಳಿ. ತಲೆ ತಗ್ಗಿಸಿ ಕುಳಿತಿರುವುದರಿಂದ ಬಿದ್ದವರಿಗೆ ಏನೂ ಸಿಗುವುದಿಲ್ಲ. ಅದಕ್ಕಿಂತ, ಸಮಾರ್ಯದವನು ಛತ್ರಕ್ಕೆ ಮರಳುವೆನೆಂದು ಹೇಳಿದ್ದನಲ್ಲ, ನೀವೂ ಮರಳಿ ಹೋಗಿ. ಆ ಜಾಗದ ಬಳಿ ಚಹಾ ಅಂಗಡಿಯಿದ್ದರೆ, ಬೆಳಿಗ್ಗೆ ಗುಡಿಸುವ ಪೌರಕಾರ್ಮಿಕರಿದ್ದರೆ, ಆ ರಾತ್ರಿ ಬಿದ್ದಿದ್ದವರು ಏನಾದರು ಎಂದು ಕೇಳಿ. ಅಲ್ಲಿ ತಿಳಿಯದಿದ್ದರೆ ಆ ಪ್ರದೇಶದ ಠಾಣೆಯಲ್ಲಿ ವಿಚಾರಿಸಿ. ನಿಮ್ಮ ಚರ್ಚಿನಿಂದ ಒಬ್ಬರನ್ನು ಜೊತೆಗೆ ಕರೆದುಕೊಳ್ಳಿ. ಯಾರೋ ಎತ್ತಿ ಆಸ್ಪತ್ರೆಗೆ ಸೇರಿಸಿರಬಹುದು, ಅವರು ಇನ್ನೂ ವಾರ್ಡಿನಲ್ಲೇ ಇರಬಹುದು, ನೋಡಲು ಯಾರೂ ಬರದೆ. ಹಾಗಿದ್ದರೆ ಹಣ್ಣು ತೆಗೆದುಕೊಂಡು ಹೋಗಿ. ಕೌಂಟರಿನಲ್ಲಿ ನಿಮಗೂ ಆ ಪ್ರಶ್ನೆ ಎದುರಾಗುತ್ತದೆ, ಅವರು ನಿಮಗೆ ಏನಾಗಬೇಕು ಎಂದು. ನೀವು ಏನು ಹೇಳಿದಿರಿ ಎಂದು ನನಗೆ ಬರೆದು ತಿಳಿಸಿ.